ಮದ್ದಿನ ಪ್ರಮಾಣವೂ ನಳಿಗೆಯ ತಿರುಪೂ

ಬಾಯಿಂದ ಮದ್ದು ತುಂಬುವ ಕೋವಿಯ ಕಾಲದಲ್ಲಿ, ದೂರದ ಜಿಂಕೆಗೆ ಗುರಿಯಿಡುವ ಬೇಟೆಗಾರನನ್ನು ಕಾಡುತ್ತಿದ್ದ ಪ್ರಶ್ನೆಯು ಒಂದೇ: ಮದ್ದು ಎಷ್ಟು? ನೋಡುವುದಕ್ಕೆ ಇದು ಅಲ್ಪವಿಷಯವು. ಆದರೆ ಲೆಕ್ಕವು ತಪ್ಪಿದಲ್ಲಿ ಗುಂಡು ಎದೆಗೆ ತಗಲದೆ ಕಾಲಿಗೋ ಹೊಟ್ಟೆಗೋ ತಗಲುವುದು. ಮೃಗವು ಪೊದೆಯನ್ನು ಹೊಕ್ಕು ನರಳಿ ನರಳಿ ಸಾಯುವುದು. ಈ ಪ್ರಶ್ನೆಗೆ ಯುಕ್ತಿಯುಕ್ತವಾದ ಸಮಾಧಾನವನ್ನು ಹೇಳಿದವರಲ್ಲಿ, ಮಧ್ಯಪ್ರಾಂತದ ಅರಣ್ಯಗಳಲ್ಲಿ ಅಧಿಕಾರಿಯಾಗಿ ಸಂಚರಿಸಿದ ಕ್ಯಾಪ್ಟನ್ ಜೇಮ್ಸ್ ಫಾರ್ಸೈತನು ಗಣ್ಯನು. ಪಚಮಢಿಯ ‘ಬೈಸನ್ ಲಾಜ್’ ಎಂಬ ಮನೆಯನ್ನು 1862ರಲ್ಲಿ ಕಟ್ಟಿಸಿದವನು ಈತನೇ. ಬೇಟೆಯ ರೈಫಲನ್ನೂ ಅದರ ಗುಂಡುಗಳನ್ನೂ ಕುರಿತ ಇವನ ಇಂಗ್ಲಿಷ್ ಗ್ರಂಥವು 1863ರಲ್ಲಿ ಪ್ರಕಟವಾಯಿತು.

ನಳಿಗೆಯನ್ನು ಬಿಟ್ಟ ಕ್ಷಣದಿಂದಲೇ ಗುಂಡು ಭೂಮಿಯ ಕಡೆಗೆ ಬೀಳತೊಡಗುತ್ತದೆ. ಕಾಲು ಸೆಕೆಂಡಿನಲ್ಲಿ 1 ಅಡಿ ಬಿದ್ದರೆ ಅರೆ ಸೆಕೆಂಡಿನಲ್ಲಿ 4 ಅಡಿ ಬೀಳುವುದು. ಕಾಲವು ಇಮ್ಮಡಿಯಾದಾಗ ಪತನವು ನಾಲ್ಮಡಿಯಾಗುವುದು. ಆದುದರಿಂದ 150 ಗಜದಲ್ಲಿರುವ ಕಡವೆಯನ್ನು 100 ಗಜದಲ್ಲಿದೆಯೆಂದು ಭ್ರಮಿಸಿದವನ ಗುಂಡು ಬಹಳ ಕೆಳಗೆ ಹೋಗುವುದು. ಕಾಡಿನ ನೆಳಲುಬೆಳಕಿನಲ್ಲಿ ಇಂಥ ಭ್ರಮೆಯು ಪಳಗಿದ ಕಣ್ಣಿಗೂ ತಪ್ಪಿದ್ದಲ್ಲ. ವೇಗವನ್ನು ಹೆಚ್ಚಿಸಿ ಗುಂಡಿನ ದಾರಿಯನ್ನು ನೇರವಾಗಿಸಿದರೆ ಅಂದಾಜಿನ ತಪ್ಪು ಅಷ್ಟಾಗಿ ಬಾಧಿಸದು. ಅದಕ್ಕೆ ಮದ್ದು ಹೆಚ್ಚು ಬೇಕು.

ಹಾಗಾದರೆ ಮದ್ದನ್ನು ಹೆಚ್ಚಾಗಿ ತುಂಬಿದರಾಯಿತಲ್ಲವೇ? ಆಗದು. ನಳಿಗೆಯೊಳಗಿನ ಗೆರೆಗಳು ಗುಂಡನ್ನು ತಿರುಗಿಸಿ ಅದಕ್ಕೆ ಸ್ಥಿರತೆಯನ್ನು ಕೊಡುತ್ತವೆ. ಗೆರೆಗಳ ತಿರುಪು ಬಿಗಿಯಾಗಿದ್ದು ಮದ್ದಿನ ನೂಕು ಅತಿಯಾದರೆ, ಮೆದುವಾದ ಸೀಸದ ಗುಂಡು ಗೆರೆಯ ಹಿಡಿತವನ್ನು ಕಳಚಿಕೊಂಡು ಜಾರಿ ಹೊರಬೀಳುತ್ತದೆ; ಗುರಿಯು ಕೆಡುತ್ತದೆ. ಸುಮಾರು 1837ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಬ್ರನ್ಸ್‌ವಿಕ್ ರೈಫಲಿನ 30 ಅಂಗುಲದ ನಳಿಗೆಯಲ್ಲಿ ಪೂರ್ತಿ ಒಂದು ಸುತ್ತು ಇದ್ದಿತು. ಗುಂಡು ಜಾರದಿರಲೆಂದು ಅದಕ್ಕೆ ನಡುಪಟ್ಟಿಯನ್ನು ಎರಕಹೊಯ್ದರು. ಆದರೆ ನಾಲ್ಕು ಸಲ ಹಾರಿಸಿ ನಳಿಗೆಯು ಮಸಿ ಕಟ್ಟಿತೆಂದರೆ ಗುಂಡನ್ನು ಒಳಕ್ಕೆ ಇಳಿಸುವುದೇ ಪ್ರಯಾಸವಾಗುತ್ತಿತ್ತು. ವಿಚಿತ್ರವೇನೆಂದರೆ, ಅದಕ್ಕಿಂತ ಮೊದಲೇ 1800ರಲ್ಲಿ ಎಝೆಕಿಯೆಲ್ ಬೇಕರನು ಅಷ್ಟೇ ಉದ್ದದ ನಳಿಗೆಗೆ ಕಾಲು ಸುತ್ತನ್ನು ಮಾತ್ರ ಕೊಟ್ಟಿದ್ದನು. ಮುಂದೆ ಬಂದವರು ಹಿಂದಿನ ಒಳ್ಳೆಯದನ್ನು ಬಿಟ್ಟು ನಡೆದುದಕ್ಕೆ ಇದೂ ಒಂದು ನಿದರ್ಶನವು.

ಉರುಟಾದ ಗುಂಡಿಗೆ ಸ್ವಲ್ಪ ಭ್ರಮಣವೇ ಸಾಕೆಂದು ಕಂಡ ಫಾರ್ಸೈತನು 104 ಅಂಗುಲಕ್ಕೆ ಒಂದು ಸುತ್ತಿನ ತಿರುಪನ್ನು ಪ್ರತಿಪಾದಿಸಿದನು. ಅಂದರೆ 26 ಅಂಗುಲದ ನಳಿಗೆಯಲ್ಲಿ ಕಾಲು ಸುತ್ತು. ಹದಿನಾಲ್ಕು ಸೇರಿದರೆ ಒಂದು ಪೌಂಡು ತೂಗುವ ಗುಂಡು ಸುಮಾರು 500 ಗ್ರೇನು, ನಮ್ಮ ತೂಕದಲ್ಲಿ ಎರಡು ಮುಕ್ಕಾಲು ತೊಲೆ. ಇಂಥದಕ್ಕೆ ಸುಮಾರು 5 ಡ್ರಾಂ, ಎಂದರೆ ಮುಕ್ಕಾಲು ತೊಲೆ ಮದ್ದನ್ನು ಆ ನಳಿಗೆಯು ಗುರಿಗೆಡದೆ ತಾಳುತ್ತಿತ್ತು. 1853ರ ಎನ್‌ಫೀಲ್ಡ್ ಸೈನಿಕ ರೈಫಲಿನಲ್ಲಿ 530 ಗ್ರೇನಿನ ನೀಳಗುಂಡಿಗೆ ಇದರ ಅರ್ಧದಷ್ಟೇ ಮದ್ದು. ನೀಳಗುಂಡು ವೇಗವನ್ನು ಬಹುದೂರ ಉಳಿಸಿಕೊಳ್ಳುವುದು ನಿಜ. ನೂರೈವತ್ತು ಗಜದೊಳಗಣ ಬೇಟೆಗಾರನಿಗಾದರೋ ಬೇಕಾದುದು ನೇರವಾದ ದಾರಿಯು.

ಆದರೂ ಎರಡು ನಳಿಗೆಗಳ ಸ್ವಭಾವವು ಒಂದೇ ಆಗಿರದು. ಎಣ್ಣೆ ಸವರಿದ ಬಟ್ಟೆಯಲ್ಲಿ ಗುಂಡನ್ನಿಟ್ಟು ತುಂಬಬೇಕು. ಪ್ರತಿಸಲವೂ ನಳಿಗೆಯನ್ನು ಒರಸಬೇಕು. ಮದ್ದನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹಲಗೆಗೆ ಹೊಡೆದು ನೋಡಬೇಕು. ತೂತುಗಳು ಒತ್ತಾಗಿ ಬೀಳುತ್ತಿರುವವರೆಗೆ ಏರಿಸಿ, ಚದರತೊಡಗಿದೊಡನೆ ಹಿಂದಿನ ಅಳತೆಗೆ ಮರಳುವುದೇ ಕ್ರಮವು. ಈ ತಾಳ್ಮೆಯಿಲ್ಲದವನು ತನ್ನ ತಪ್ಪನ್ನು ಜಿಂಕೆಯ ಮೈಮೇಲೆ ತಿಳಿಯುತ್ತಿದ್ದನು.

ಫಾರ್ಸೈತನು 1871ರಲ್ಲಿ ತೀರಿಕೊಂಡನು. ಅಷ್ಟರಲ್ಲಿ ಹಿಂದಿನಿಂದ ತೋಟಾ ತುಂಬುವ ಕೋವಿಗಳು ಬಳಕೆಗೆ ಬಂದಿದ್ದವು.