ಎಮೋಜಿಯ ಮುಖ ಬದಲಿಸುವವರು ಯಾರು?

2016ರ ಆಗಸ್ಟ್ ಮೊದಲ ವಾರ. ಎರಡು ದೊಡ್ಡ ಕಂಪ್ಯೂಟರ್ ಕಂಪನಿಗಳು ಒಂದೇ ವಸ್ತುವಿನ ಬಗ್ಗೆ ತದ್ವಿರುದ್ಧವಾದ ಹೆಜ್ಜೆ ಇಟ್ಟವು. ಐಫೋನಿನಲ್ಲಿದ್ದ ಪಿಸ್ತೂಲಿನ ಎಮೋಜಿಯನ್ನು ತೆಗೆದು, ಆ ಜಾಗದಲ್ಲಿ ಮಕ್ಕಳು ಆಡುವ ಹಸಿರು ಬಣ್ಣದ ನೀರಿನ ಪಿಸ್ತೂಲು ಇಡುವುದಾಗಿ ಆಪಲ್ ಪ್ರಕಟಿಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೈಕ್ರೊಸಾಫ್ಟ್, ಅಲ್ಲಿಯವರೆಗೆ ಆಟಿಕೆಯ ಹಾಗಿದ್ದ ತನ್ನ ಪಿಸ್ತೂಲನ್ನು ಕೈಬಿಟ್ಟು ನಿಜವಾದ ರಿವಾಲ್ವರಿನ ಚಿತ್ರವನ್ನು ತಂದಿತು.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಐಫೋನ್ ಇದ್ದವರೊಬ್ಬರು, 'ಹೋಳಿ ದಿನ ಸಿಗು, ನೋಡ್ಕೋತೀನಿ' ಎಂದು ಬರೆದು ಪಕ್ಕದಲ್ಲೊಂದು ನೀರಿನ ಪಿಸ್ತೂಲು ಸೇರಿಸಿ ಗೆಳೆಯನಿಗೆ ಕಳಿಸಿದರು ಎನ್ನೋಣ. ಬೇರೆ ಕಂಪನಿಯ ಫೋನಿನಲ್ಲಿ ಅದನ್ನು ತೆರೆದ ಗೆಳೆಯನಿಗೆ ಕಂಡದ್ದು ಬಂದೂಕು. ತಮಾಷೆ ಹೊರಟ ಕಡೆಯಿಂದ ಬೆದರಿಕೆ ಬಂದು ತಲುಪಿತು. ಕಳಿಸಿದವರು ಏನನ್ನೂ ಬದಲಿಸಿರಲಿಲ್ಲ, ಓದಿದವರೂ ಬದಲಿಸಿರಲಿಲ್ಲ. ಹಾಗಾದರೆ ಬದಲಿಸಿದವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಜಪಾನಿನ ಪೇಜರುಗಳ ಕಾಲಕ್ಕೆ ಹೋಗಬೇಕಾಗುತ್ತದೆ. ಅದಕ್ಕೂ ಮೊದಲು ಎಮೋಜಿ ಎಂದರೆ ಏನು ಎಂಬುದನ್ನು ತಿಳಿದುಕೊಳ್ಳಬೇಕು.

ಚಿತ್ರವಲ್ಲ, ಸಂಖ್ಯೆ

ಎಮೋಜಿಯನ್ನು ನಾವು ಚಿತ್ರ ಎಂದುಕೊಂಡಿದ್ದೇವೆ. ಆದರೆ ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗುವುದು ಚಿತ್ರವಲ್ಲ, ಬರೀ ಒಂದು ಸಂಖ್ಯೆ. ಪ್ರಪಂಚದ ಲಿಪಿಗಳಿಗೆಲ್ಲ ಒಂದೊಂದು ಕ್ರಮಸಂಖ್ಯೆ ಕೊಡುವ ವ್ಯವಸ್ಥೆಯೇ ಯೂನಿಕೋಡ್. ಅದರಲ್ಲಿ ನಮ್ಮ 'ಕ' ಅಕ್ಷರಕ್ಕೆ 3221ನೇ ಸ್ಥಾನ. ಕಣ್ಣೀರು ಬರುವಂತೆ ನಗುವ ಮುಖಕ್ಕೆ 1,28,514. ಪಿಸ್ತೂಲಿಗೆ 1,28,299. ಸಂಖ್ಯೆ ತಲುಪಿದ ಮೇಲೆ ಅದಕ್ಕೆ ತಕ್ಕ ರೂಪವನ್ನು ತೋರಿಸುವುದು ಓದುವವರ ಫೋನಿನೊಳಗಿರುವ ಫಾಂಟ್, ಅಂದರೆ ಅಕ್ಷರಗಳ ಅಚ್ಚು.

ಕನ್ನಡಿಗರಿಗೆ ಇದು ತೀರ ಹೊಸ ಅನುಭವವೇನಲ್ಲ. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ಬರಹ, ನುಡಿ, ಶ್ರೀಲಿಪಿಗಳಲ್ಲಿ ಕನ್ನಡ ಬೆರಳಚ್ಚು ಮಾಡಿದವರಿಗೆಲ್ಲ ಗೊತ್ತಿದ್ದ ಕಷ್ಟ ಅದು. ಒಂದು ತಂತ್ರಾಂಶದಲ್ಲಿ ಬರೆದ ಲೇಖನವನ್ನು ಅದರ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುತ್ತಿದ್ದದ್ದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಯೂನಿಕೋಡ್ ಬಂದು ಸಂಖ್ಯೆಗಳು ಒಂದಾದವು, ಗೋಜಲು ತಗ್ಗಿತು. 'ಕ' ಅಕ್ಷರವನ್ನು ದಪ್ಪ ಫಾಂಟಿನಲ್ಲಿ ಬರೆದರೂ ತೆಳು ಫಾಂಟಿನಲ್ಲಿ ಬರೆದರೂ ಅದು 'ಕ'ವೇ. ಆದರೆ ನಗುವ ಮುಖವೊಂದರ ಹುಬ್ಬು ಸ್ವಲ್ಪ ಬಾಗಿದರೆ ಸಾಕು, ನಗೆ ಹೋಗಿ ವ್ಯಂಗ್ಯವಾದೀತು. ಎಮೋಜಿಯ ಕಥೆಯೆಲ್ಲ ಈ ವ್ಯತ್ಯಾಸದಲ್ಲಿದೆ.

ಹೃದಯ ಕಳೆದುಕೊಂಡ ಪೇಜರ್

ಅಕ್ಷರದ ಜತೆಗೆ ಮುಖಭಾವವನ್ನೂ ಕಳಿಸಬೇಕೆಂಬ ಆಸೆ ಹಳೆಯದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿಜ್ಞಾನಿ ಸ್ಕಾಟ್ ಫಾಲ್‌ಮನ್ 1982ರ ಸೆಪ್ಟೆಂಬರ್ 19ರಂದು ಒಂದು ಸಲಹೆ ಕೊಟ್ಟರು. ಎರಡು ಚುಕ್ಕೆ, ಒಂದು ಅಡ್ಡಗೆರೆ, ಒಂದು ಆವರಣ ಚಿಹ್ನೆ ಸೇರಿಸಿ ತಮಾಷೆಯ ಮಾತನ್ನು ಗುರುತಿಸಬಹುದು ಎಂಬುದು ಅದರ ತಿರುಳು. ಕತ್ತು ವಾಲಿಸಿ ನೋಡಿದರೆ ಅದು ನಗುಮುಖ.

ಚಿತ್ರವೇ ಅಕ್ಷರವಾದದ್ದು ಜಪಾನಿನಲ್ಲಿ. ಜಪಾನಿ ಭಾಷೆಯಲ್ಲಿ 'ಎ' ಎಂದರೆ ಚಿತ್ರ, 'ಮೋಜಿ' ಎಂದರೆ ಅಕ್ಷರ. ಭಾವನೆ ಎಂಬ ಅರ್ಥದ ಇಂಗ್ಲಿಷಿನ 'ಎಮೋಷನ್' ಪದಕ್ಕೂ ಇದಕ್ಕೂ ಇರುವ ಹೋಲಿಕೆ ಕಾಕತಾಳೀಯ. 1990ರ ದಶಕದಲ್ಲಿ ಅಲ್ಲಿನ ಹದಿಹರೆಯದವರ ಕೈಯಲ್ಲಿ ಪೇಜರುಗಳಿದ್ದವು. ಎನ್‌ಟಿಟಿ ಡೊಕೊಮೊ ಕಂಪನಿಯ ಪೇಜರಿನಲ್ಲಿ ಹೃದಯದ ಚಿಹ್ನೆಯೊಂದಿತ್ತು. ವ್ಯಾಪಾರಸ್ಥರಿಗೆ ಒಪ್ಪುವಂತೆ ತಯಾರಿಸಿದ ಮುಂದಿನ ಮಾದರಿಯಲ್ಲಿ ಅದನ್ನು ಕೈಬಿಟ್ಟಾಗ ಎಳೆಯ ಗಿರಾಕಿಗಳು ಬೇರೆ ಕಂಪನಿಗಳತ್ತ ಮುಖ ಮಾಡಿದರು ಎಂದು ಡೊಕೊಮೊದಲ್ಲಿದ್ದ ಶಿಗೆತಾಕ ಕುರಿಟ ಹೇಳಿಕೊಂಡಿದ್ದಾರೆ. ಇದೇ ಕುರಿಟ 1999ರಲ್ಲಿ ಕಂಪನಿಯ 'ಐ-ಮೋಡ್' ಸೇವೆಗಾಗಿ 176 ಎಮೋಜಿಗಳನ್ನು ರೂಪಿಸಿದರು. ಒಂದೊಂದಕ್ಕೂ ಇದ್ದ ಜಾಗ ಅಡ್ಡಕ್ಕೆ 12, ಉದ್ದಕ್ಕೆ 12, ಒಟ್ಟು 144 ಚುಕ್ಕೆ ಮಾತ್ರ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2016ರಲ್ಲಿ ಇವನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಕುರಿಟ ಅವರೇ ಮೊದಲಿಗರಲ್ಲ. 1997ರಲ್ಲಿಯೇ ಜೆ-ಫೋನ್ ಕಂಪನಿ 90 ಎಮೋಜಿಗಳಿದ್ದ ಫೋನೊಂದನ್ನು ಮಾರುಕಟ್ಟೆಗೆ ತಂದಿತ್ತು. ಆದರೆ ಅದು ಹೆಚ್ಚು ಖರ್ಚಾಗಲಿಲ್ಲ.

ಗೊಂದಲ ಆರಂಭವಾದದ್ದೂ ಅಲ್ಲಿಯೇ. ಡೊಕೊಮೊ, ಕೆಡಿಡಿಐ, ಜೆ-ಫೋನ್ ಮೂರೂ ತಮ್ಮ ತಮ್ಮ ಎಮೋಜಿಗಳಿಗೆ ತಮ್ಮ ತಮ್ಮ ಸಂಖ್ಯೆ ಕೊಟ್ಟುಕೊಂಡವು. ಒಂದು ಕಂಪನಿಯ ಫೋನಿನಿಂದ ಹೊರಟ ಹೃದಯ ಇನ್ನೊಂದು ಕಂಪನಿಯ ಫೋನಿನಲ್ಲಿ ಕಾಣುತ್ತಲೇ ಇರಲಿಲ್ಲ. ಅದರ ಜಾಗದಲ್ಲಿ ಬರುತ್ತಿದ್ದ ಚಿಹ್ನೆಗಳಲ್ಲೊಂದು ಎರಡು ದಪ್ಪ ಗೆರೆಗಳದ್ದು. ಅದಕ್ಕೆ ಜಪಾನೀಯರು 'ಗೆತಾ' ಎನ್ನುತ್ತಾರೆ, ಅಂದರೆ ಮರದ ಚಪ್ಪಲಿ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಬೇಕಾದ ಅಕ್ಷರ ಸಿಗದಿದ್ದರೆ ಬೇರೊಂದು ಮೊಳೆಯನ್ನು ತಲೆಕೆಳಗಾಗಿ ಇಡುತ್ತಿದ್ದರು. ಕಾಗದದ ಮೇಲೆ ಅದರ ಬುಡದ ಗುರುತು ಮರದ ಚಪ್ಪಲಿಯ ಹೆಜ್ಜೆಯಂತೆ ಮೂಡುತ್ತಿತ್ತು. ಮುದ್ರಣಾಲಯದ ಆ ಹಳೆಯ ಗುರುತೇ ಫೋನಿನ ಪರದೆಗೂ ಬಂದಿತ್ತು.

ಗುಟ್ಟಿನ ಕೀಲಿಮಣೆ

2008ರಲ್ಲಿ ಐಫೋನ್ ಜಪಾನ್ ಪ್ರವೇಶಿಸಿತು. ಎಮೋಜಿ ಇಲ್ಲದ ಫೋನನ್ನು ಅಲ್ಲಿ ಮಾರುವುದು ಸುಲಭವಿರಲಿಲ್ಲ. ಆಪಲ್‌ನಲ್ಲಿ ತರಬೇತಿಗೆ ಸೇರಿದ್ದ ವಿದ್ಯಾರ್ಥಿನಿ ಆಂಜೆಲಾ ಗುಜ್ಮನ್ ಮತ್ತು ಅವರಿಗೆ ಮಾರ್ಗದರ್ಶನ ಮಾಡಿದ ರೇಮಂಡ್ ಸೆಪುಲ್ವೆಡಾ ಕೂತು ನೂರಾರು ಚಿತ್ರಗಳನ್ನು ಬಿಡಿಸಿದರು. ಗುಜ್ಮನ್ ಬಿಡಿಸಿದ ಮೊದಲ ಎಮೋಜಿ ನಿಶ್ಚಿತಾರ್ಥದ ಉಂಗುರ. ಇಂದು ಜಗತ್ತಿಗೆ ಪರಿಚಿತವಾದ ಹೊಳೆಯುವ ಹಳದಿ ಮುಖಗಳ ಶೈಲಿ ಅಲ್ಲಿಂದ ಬಂದದ್ದು.

ಆದರೆ ಆ ಕೀಲಿಮಣೆ ಜಪಾನಿನವರಿಗೆ ಮಾತ್ರ ಮೀಸಲಾಗಿತ್ತು. ಬೇರೆ ದೇಶಗಳ ಐಫೋನುಗಳಲ್ಲಿ ಚಿತ್ರಗಳಿದ್ದವು, ಬಾಗಿಲಿಗೆ ಬೀಗ ಹಾಕಿತ್ತು. ಬೀಗ ತೆಗೆಯುವ ಉಪಾಯವನ್ನು ಜನರೇ ಕಂಡುಕೊಂಡರು. ಅಂಕಿಗಳನ್ನು ಅಕ್ಷರದಲ್ಲಿ ಬರೆದು ತೋರಿಸುವ ಒಂದು ಪುಟ್ಟ ತಂತ್ರಾಂಶದಲ್ಲಿ ಗೊತ್ತಾದ ಸಂಖ್ಯೆಯೊಂದನ್ನು ಒತ್ತಿದರೆ ಎಮೋಜಿ ಕೀಲಿಮಣೆ ತೆರೆದುಕೊಳ್ಳುತ್ತಿತ್ತು. ಕೊನೆಗೆ 2011ರಲ್ಲಿ ಆಪಲ್ ಈ ಕೀಲಿಮಣೆಯನ್ನು ಎಲ್ಲ ದೇಶಗಳಿಗೂ ಕೊಟ್ಟಿತು.

ಅಷ್ಟರಲ್ಲಿ ಗೂಗಲ್ ಮತ್ತು ಆಪಲ್‌ನ ತಜ್ಞರು ಸೇರಿ ಎಮೋಜಿಗಳಿಗೆ ಯೂನಿಕೋಡಿನಲ್ಲಿ ಸ್ಥಾನ ಕೊಡಬೇಕೆಂದು ಕೇಳಿಕೊಂಡಿದ್ದರು. 2010ರ ಅಕ್ಟೋಬರ್‌ನಲ್ಲಿ ಬಂದ ಯೂನಿಕೋಡ್ 6.0 ಆವೃತ್ತಿ ನೂರಾರು ಎಮೋಜಿಗಳನ್ನು ಒಳಗೆ ಬಿಟ್ಟುಕೊಂಡಿತು. ಭಾರತ ಅದೇ ವರ್ಷ ಜುಲೈನಲ್ಲಿ ಒಪ್ಪಿಕೊಂಡ ರೂಪಾಯಿ ಚಿಹ್ನೆಗೆ ಸಂಖ್ಯೆ ಸಿಕ್ಕಿದ್ದೂ ಇದೇ ಆವೃತ್ತಿಯಲ್ಲಿ. ಗೆತಾ ಚಿಹ್ನೆಯ ಕಾಲ ಮುಗಿಯಿತು. ಆದರೆ ಯೂನಿಕೋಡ್ ಕೊಟ್ಟದ್ದು ಸಂಖ್ಯೆ, ಹೆಸರು ಮತ್ತು ಒಂದು ಮಾದರಿ ಚಿತ್ರ ಮಾತ್ರ. ಚಿತ್ರ ಹೇಗಿರಬೇಕೆಂಬ ತೀರ್ಮಾನ ಕಂಪನಿಗಳ ಕೈಯಲ್ಲಿಯೇ ಉಳಿಯಿತು.

ಹಲ್ಲು ಕಿರಿದರೆ ನಗೆಯೇ?

ಕಂಪನಿಗಳು ಆ ಸ್ವಾತಂತ್ರ್ಯವನ್ನು ಧಾರಾಳವಾಗಿ ಬಳಸಿಕೊಂಡವು. ಗೂಗಲ್‌ನ ಆಂಡ್ರಾಯ್ಡ್ ಫೋನುಗಳಲ್ಲಿ ಹಳದಿ ಹಿಟ್ಟಿನ ಉಂಡೆಯಂತಹ ಮುಖಗಳಿದ್ದವು. ಸ್ಯಾಮ್‌ಸಂಗ್ ಫೋನಿನಲ್ಲಿ ಸಿಹಿ ಬಿಸ್ಕತ್ತಿನ ಎಮೋಜಿ ಒತ್ತಿದರೆ 2018ರವರೆಗೂ ಕಾಣುತ್ತಿದ್ದದ್ದು ಉಪ್ಪು ಬಿಸ್ಕತ್ತು.

ಬಿಸ್ಕತ್ತಿನ ವಿಷಯ ನಕ್ಕು ಬಿಡಬಹುದು. ಮುಖಗಳ ವಿಷಯ ಹಾಗಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಬೇರೆ ಬೇರೆ ಕಂಪನಿಗಳ ಎಮೋಜಿಗಳನ್ನು ಜನರಿಗೆ ತೋರಿಸಿ ಅಭಿಪ್ರಾಯ ಕೇಳಿದರು. ಕಣ್ಣು ನಗಿಸುತ್ತ ಹಲ್ಲು ತೋರಿಸುವ ಒಂದು ಮುಖ ಗೂಗಲ್‌ನ ರೂಪದಲ್ಲಿ ನೋಡಿದವರಿಗೆ ಸಂತೋಷವಾಗಿ ಕಂಡಿತು. ಅದೇ ಮುಖ ಆಪಲ್‌ನ ರೂಪದಲ್ಲಿ ಹಲ್ಲು ಕಚ್ಚಿಕೊಂಡ ಅಸಮಾಧಾನದಂತೆ ಕಂಡಿತು. ಒಂದೇ ಫೋನಿನ ಒಂದೇ ಚಿತ್ರದ ಬಗ್ಗೆಯೂ ಎಲ್ಲರ ಅಭಿಪ್ರಾಯ ಒಂದೇ ಆಗಿರಲಿಲ್ಲ.

ಆಮೇಲೆ ಕಂಪನಿಗಳು ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡಿ ತಿದ್ದಿಕೊಳ್ಳತೊಡಗಿದರು. ಆಪಲ್ ಆ ಮುಖದ ನಗೆಯನ್ನು ಸರಿಪಡಿಸಿತು. ಗೂಗಲ್ 2017ರಲ್ಲಿ ಉಂಡೆ ಮುಖಗಳನ್ನು ಬಿಟ್ಟು ಎಲ್ಲರಂತೆ ದುಂಡು ಮುಖಗಳನ್ನು ತಂದಾಗ ಹಳೆಯದರ ಅಭಿಮಾನಿಗಳು ಬೇಸರಪಟ್ಟರು. ಅದೇ ವರ್ಷ ಗೂಗಲ್‌ನ ಬರ್ಗರ್ ಎಮೋಜಿಯಲ್ಲಿ ಚೀಸ್ ಮಾಂಸದ ಕೆಳಗಿದೆ, ಬೇರೆಯವರದ್ದರಲ್ಲಿ ಮೇಲಿದೆ ಎಂಬ ತಕರಾರು ಎದ್ದಿತು. ಕಂಪನಿಯ ಮುಖ್ಯಸ್ಥ ಸುಂದರ್ ಪಿಚೈ, ಬಾಕಿ ಕೆಲಸವನ್ನೆಲ್ಲ ಬದಿಗಿಟ್ಟು ಇದನ್ನು ನೋಡುತ್ತೇವೆ ಎಂದು ತಮಾಷೆಯಾಗಿ ಉತ್ತರಿಸಿದರು. ಚೀಸ್ ಮೇಲಕ್ಕೆ ಬಂದಿತು. ಕೊರೊನಾ ಲಸಿಕೆಯ ದಿನಗಳಲ್ಲಿ, 2021ರಲ್ಲಿ, ಆಪಲ್ ತನ್ನ ಇಂಜೆಕ್ಷನ್ ಎಮೋಜಿಯಿಂದ ರಕ್ತವನ್ನು ತೆಗೆದುಹಾಕಿತು. ರಕ್ತ ತೆಗೆಯುವ ಸೂಜಿ ಲಸಿಕೆಯ ಸೂಜಿಯಾಯಿತು.

ಪಿಸ್ತೂಲಿನ ಜಗಳವೂ ಹೀಗೆಯೇ ತೀರಿತು. 2018ರಲ್ಲಿ ಗೂಗಲ್, ಸ್ಯಾಮ್‌ಸಂಗ್, ಟ್ವಿಟರ್, ಫೇಸ್‌ಬುಕ್, ಕೊನೆಗೆ ಮೈಕ್ರೊಸಾಫ್ಟ್ ಕೂಡ ಆಟಿಕೆ ಪಿಸ್ತೂಲಿಗೆ ಬಂದವು. ಆದರೆ ಟ್ವಿಟರ್ 'ಎಕ್ಸ್' ಎಂದು ಹೆಸರು ಬದಲಿಸಿಕೊಂಡ ಮೇಲೆ, 2024ರಲ್ಲಿ, ತನ್ನ ನೀರಿನ ಪಿಸ್ತೂಲನ್ನು ಮತ್ತೆ ನಿಜವಾದ ಪಿಸ್ತೂಲಾಗಿಸಿತು.

ನಮ್ಮ ಕಣ್ಣಿಗೆ ಮಾತ್ರ

ಹಾಗಾದರೆ ಫೋನ್ ಕೊಂಡವರೇ ತಮಗೆ ಬೇಕಾದ ಎಮೋಜಿ ಹಾಕಿಕೊಳ್ಳಬಾರದೇ? ಆಂಡ್ರಾಯ್ಡ್ ಬಳಸುವವರಲ್ಲಿ ಈ ಹಂಬಲ ಹಿಂದಿನಿಂದಲೂ ಇದೆ. ಫೋನಿನ ಒಳವ್ಯವಸ್ಥೆಯ ಬೀಗ ಮುರಿದು, ಅಂದರೆ 'ರೂಟ್' ಮಾಡಿ, ಎಮೋಜಿ ಫಾಂಟನ್ನು ಕಿತ್ತು ಬೇರೊಂದನ್ನು ಕೂರಿಸುವವರಿದ್ದಾರೆ. ಬಹುಪಾಲು ಜನರಿಗೆ ಬೇಕಾದದ್ದು ಐಫೋನಿನ ಚಿತ್ರಗಳು. ಆದರೆ ಹೀಗೆ ಬೀಗ ಮುರಿದರೆ ಫೋನಿನ ಭದ್ರತೆ ಸಡಿಲವಾಗುತ್ತದೆ, ಖಾತರಿಯೂ ಕೈತಪ್ಪಬಹುದು. ಐಫೋನಿನಲ್ಲಿ ಇಂತಹ ಬದಲಾವಣೆಗೆ ಆಪಲ್ ಅವಕಾಶವನ್ನೇ ಇಟ್ಟಿಲ್ಲ.

ಇಷ್ಟೆಲ್ಲ ಮಾಡಿದರೂ ಬದಲಾಗುವುದು ನಮ್ಮ ಪರದೆ ಮಾತ್ರ. ಹೊರಗೆ ಹೋಗುವುದು ಅದೇ ಹಳೆಯ ಸಂಖ್ಯೆ. ಎದುರಿನವರಿಗೆ ಅವರ ಫೋನಿನದೇ ಚಿತ್ರ ಕಾಣುತ್ತದೆ. ಹೊಸ ಕನ್ನಡಕ ಹಾಕಿಕೊಂಡವರು ಎದುರಿನವರಿಗೂ ಲೋಕ ಹಾಗೆಯೇ ಕಾಣುತ್ತದೆ ಎಂದು ತಿಳಿದಂತೆ ಇದು. ಈ ಕಾರಣಕ್ಕೇ ವಾಟ್ಸ್‌ಆ್ಯಪ್ 2017ರಲ್ಲಿ ಆಂಡ್ರಾಯ್ಡ್ ಬಳಕೆದಾರರಿಗೆ ತನ್ನದೇ ಎಮೋಜಿಗಳನ್ನು ತಂದಿತು. ಫೋನ್ ಯಾವ ಕಂಪನಿಯದಾದರೂ ಅದರೊಳಗೆ ಚಿತ್ರ ಒಂದೇ.

ಎದುರಿನವರಿಗೂ ತಲುಪುವ ಬದಲಾವಣೆ ಎಂದರೆ ಮೈಬಣ್ಣದ್ದು. ಹಳದಿ ಕೈಯನ್ನು ಒತ್ತಿ ಹಿಡಿದರೆ ಐದು ಬಣ್ಣಗಳ ಸಾಲು ಕಾಣುತ್ತದೆ. ಚರ್ಮರೋಗ ತಜ್ಞರು ಬಳಸುವ ಫಿಟ್ಸ್‌ಪ್ಯಾಟ್ರಿಕ್ ಮಾಪಕದ ಆಧಾರದ ಮೇಲೆ 2015ರಲ್ಲಿ ಯೂನಿಕೋಡ್ ಇದನ್ನು ಸೇರಿಸಿತು. ಇಲ್ಲಿ ಬಣ್ಣಕ್ಕೂ ಒಂದು ಸಂಖ್ಯೆ ಇದೆ. ಆದ್ದರಿಂದಲೇ ಅದು ಕೈಯ ಜತೆ ಪ್ರಯಾಣ ಮಾಡುತ್ತದೆ.

2019ರಲ್ಲಿ ಆಟೊರಿಕ್ಷಾ, ಸೀರೆ, ಹಣತೆ, ದೇವಸ್ಥಾನಗಳಿಗೂ ಸಂಖ್ಯೆ ಸಿಕ್ಕಿತು. ಅದಕ್ಕಿಂತ ಮೊದಲೇ ಇದ್ದ ಕೈಮುಗಿಯುವ ಎಮೋಜಿಯ ಕಥೆ ಇನ್ನೂ ಸ್ವಾರಸ್ಯವಾಗಿದೆ. ಜಪಾನಿನಲ್ಲಿ ಅದು ಕೃತಜ್ಞತೆ ಅಥವಾ ವಿನಂತಿ. ಪಶ್ಚಿಮದಲ್ಲಿ ಕೆಲವರಿಗೆ ಪ್ರಾರ್ಥನೆ, ಕೆಲವರಿಗೆ ಇಬ್ಬರು ಅಂಗೈ ತಟ್ಟಿಕೊಂಡಂತೆ. ನಮ್ಮಲ್ಲಿ ಬೆಳಗಿನ ನಮಸ್ಕಾರವೂ ಅದೇ, ಸಾವಿನ ಸುದ್ದಿಗೆ ಕೊಡುವ ಶ್ರದ್ಧಾಂಜಲಿಯೂ ಅದೇ.

ಕಟಕಟೆಯಲ್ಲಿ ಎಮೋಜಿ

ಅರ್ಥದ ಈ ಎಳೆದಾಟ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಮಾಜಿ ಗೆಳತಿಗೆ ಪಿಸ್ತೂಲಿನ ಎಮೋಜಿ ಕಳಿಸಿದ ಯುವಕನಿಗೆ ಫ್ರಾನ್ಸಿನ ನ್ಯಾಯಾಲಯವೊಂದು 2016ರಲ್ಲಿ ಸೆರೆವಾಸ ವಿಧಿಸಿತು. ಅಂದು ಐಫೋನಿನಲ್ಲಿ ಇನ್ನೂ ನಿಜವಾದ ಪಿಸ್ತೂಲಿನ ಚಿತ್ರವೇ ಇತ್ತು. ಸಹೋದ್ಯೋಗಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಣ್ಣೀರು ಬರುವಂತೆ ನಗುವ ಎಮೋಜಿ ಹಾಕಿದವರ ಮೇಲಿನ ಪ್ರಕರಣವನ್ನು 2018ರಲ್ಲಿ ಮದ್ರಾಸ್ ಹೈಕೋರ್ಟ್ ರದ್ದುಪಡಿಸಿತು. ಎಮೋಜಿ ಭಾವನೆ ತಿಳಿಸುವ ಬಗೆಯೇ ಹೊರತು ಅಪರಾಧ ಕೃತ್ಯವಲ್ಲ ಎಂಬುದು ಅದರ ನಿಲುವು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಅಗಸೆ ಖರೀದಿಯ ಕರಾರಿಗೆ ರೈತನೊಬ್ಬ ಹೆಬ್ಬೆರಳಿನ ಎಮೋಜಿ ಕಳಿಸಿದ್ದ. ಕರಾರು ತಲುಪಿತು ಎಂದಷ್ಟೇ ಅದರ ಅರ್ಥ ಎಂದು ಆತ ವಾದಿಸಿದ. 2023ರಲ್ಲಿ ನ್ಯಾಯಾಲಯ ಅದನ್ನು ಸಹಿಗೆ ಸಮ ಎಂದು ತೀರ್ಮಾನಿಸಿ 80 ಸಾವಿರ ಕೆನಡಾ ಡಾಲರುಗಳಿಗೂ ಹೆಚ್ಚಿನ ಪರಿಹಾರ ವಿಧಿಸಿತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಇಂತಹ ಪ್ರಕರಣಗಳಲ್ಲಿ ಒಂದು ತೊಡಕಿದೆ. ಅಂಚೆಯಲ್ಲಿ ಬಂದ ಹಳೆಯ ಪತ್ರ ಪೆಟ್ಟಿಗೆಯಲ್ಲಿದ್ದರೆ ಮಸಿ ಮಾಸಬಹುದು, ಅಕ್ಷರ ಬದಲಾಗುವುದಿಲ್ಲ. ಫೋನಿನ ಸಂದೇಶ ಹಾಗಲ್ಲ. 2015ರಲ್ಲಿ ಬಂದೂಕಾಗಿ ಬಂದದ್ದು ಹೊಸ ಫೋನಿನಲ್ಲಿ ತೆರೆದಾಗ ನೀರಿನ ಪಿಸ್ತೂಲಾಗಿ ಕಾಣುತ್ತದೆ. ಅಂದು ಹೆದರಿದವಳು ಇಂದು ಅದನ್ನು ತೋರಿಸಿದರೆ ನೋಡಿದವರು ನಗಬಹುದು. ಆದ್ದರಿಂದ ಸಾಕ್ಷ್ಯವಾಗಿ ಬರುವ ಸಂದೇಶದ ಜತೆಗೆ ಅದು ಯಾವ ಫೋನಿನಲ್ಲಿ, ಯಾವ ವರ್ಷ, ಯಾವ ರೂಪದಲ್ಲಿ ಕಂಡಿತ್ತು ಎಂಬುದನ್ನೂ ಕೇಳಬೇಕಾಗುತ್ತದೆ.

ಪೇಜರಿನಿಂದ ಹೃದಯ ಮಾಯವಾದಾಗ ಜಪಾನಿನ ಹುಡುಗ ಹುಡುಗಿಯರಿಗೆ ಕಂಪನಿಯನ್ನೇ ಬಿಟ್ಟುಹೋಗುವ ದಾರಿಯಿತ್ತು. ಈಗ ಕಂಪನಿ ಬದಲಿಸಿದರೂ ಚಿತ್ರ ಬಿಡಿಸುವವರು ಬೇರೆಯವರೇ. ಮನಸ್ಸಿಗೆ ಹತ್ತಿರದ ಮಾತು ಹೇಳುವಾಗ ಎಮೋಜಿಯ ಪಕ್ಕದಲ್ಲಿ ನಾಲ್ಕು ಅಕ್ಷರವನ್ನೂ ಬರೆಯುವುದು ಒಳ್ಳೆಯದು.