ಬೂದಿ, ಹುಣಸೆ ಮತ್ತು ಹಿತ್ತಿಲ ಬಾಗಿಲು

ತುಮಕೂರು, ಗುಬ್ಬಿ, ಕುಣಿಗಲು ಎಂಬ ಮೂರು ಊರುಗಳ ಸುತ್ತಣ ಸೀಮೆಯಲ್ಲಿ, ಮನೆಯ ಬಚ್ಚಲನ್ನು ಶುಚಿಯಾಗಿಡುವುದಕ್ಕಾಗಿ ಹಣ ತೆತ್ತು ಪದಾರ್ಥ ಕೊಳ್ಳುವ ರೂಢಿ ಬಂದು ಬಹುಕಾಲವಾಗಿಲ್ಲ. ಒಲೆಯ ಬೂದಿ, ರಸ ಹಿಂಡಿ ಉಳಿದ ಹುಣಸೆ, ತೆಂಗಿನ ನಾರು, ಸೀಗೆಯ ಗಷ್ಟು, ಸುಣ್ಣದ ತಿಳಿ, ಚೌಳುಮಣ್ಣು, ಇವಿಷ್ಟೇ ಎಷ್ಟೋ ತಲೆಮಾರುಗಳ ಗೃಹಿಣಿಯರಿಗೆ ಒದಗಿಬಂದ ಸಾಮಗ್ರಿ. ಇವುಗಳಲ್ಲಿಯೂ ಬಹುಪಾಲು ಮತ್ತೊಂದು ಕೆಲಸ ಮುಗಿದ ಮೇಲೆ ಉಳಿದ ಶೇಷವೇ ಹೊರತು ಶುದ್ಧಿಗೆಂದೇ ಸಿದ್ಧಪಡಿಸಿದ ದ್ರವ್ಯವಲ್ಲ. ಇಂದು ಅಂಗಡಿಯ ದ್ರಾವಣಗಳ ಘಾಟಿಗೆ ಬೇಸತ್ತು, ಪಾಯಿಖಾನೆಯನ್ನು ಮನೆಯಲ್ಲೇ ಮಾಡಿದ ಸೌಮ್ಯದ್ರವ್ಯಗಳಿಂದ ತೊಳೆಯಬೇಕೆಂದು ಸಂಕಲ್ಪಿಸುವವರು, ತಾವು ಪೂರ್ವಿಕರ ಮಾರ್ಗಕ್ಕೆ ಮರಳುತ್ತಿರುವೆವೆಂದು ಹೇಳಿಕೊಳ್ಳುವುದುಂಟು. ಬಚ್ಚಲಿನ ಮಟ್ಟಿಗೆ ಆ ಮಾತು ದಿಟ. ಪಾಯಿಖಾನೆಯ ಮಟ್ಟಿಗೆ ದಿಟವಲ್ಲ. ಈ ಎರಡನ್ನೂ ಬೇರೆಬೇರೆಯಾಗಿ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಬಚ್ಚಲಿನ ವಿಚಾರ. ಈ ಸೀಮೆ ತೆಂಗಿನ ಸೀಮೆ. ಗುಬ್ಬಿಯ ಸುತ್ತಿನ ತೋಟಗಳಲ್ಲಿ ತೆಂಗೂ ಅಡಕೆಯೂ ಜೊತೆಜೊತೆಯಾಗಿ ಬೆಳೆಯುತ್ತವೆ. ಕೊಬ್ಬರಿ ಮಾರುಕಟ್ಟೆಗೆ ಹೋದರೆ, ಮಟ್ಟೆ, ಚಿಪ್ಪು, ಗರಿಗಳು ಮನೆಯಲ್ಲಿ ಉಳಿದು ಬಚ್ಚಲ ಹಂಡೆಯೊಲೆಗೆ ಸೌದೆಯಾಗುತ್ತವೆ. ತೆಂಗು ನೆಲದಿಂದ ಪೊಟ್ಯಾಷನ್ನು ಧಾರಾಳವಾಗಿ ಹೀರುವ ಮರವಾದುದರಿಂದ, ಅದರ ಮಟ್ಟೆ ಉರಿದು ಉಳಿದ ಬೂದಿಯಲ್ಲಿ ಆ ಕ್ಷಾರವು ಪುಷ್ಕಳವಾಗಿರುತ್ತದೆ. ಜಿಡ್ಡಿಗೆ ಕ್ಷಾರ ಬೆರೆತರೆ ಒಂದು ಬಗೆಯ ಸಾಬೂನೇ ಹುಟ್ಟುತ್ತದೆಂಬ ರಸಾಯನತತ್ತ್ವವನ್ನು ಅರಿಯದೆಯೇ ನಮ್ಮ ಹೆಂಗಸರು ಅದನ್ನು ನಿತ್ಯವೂ ಕೈಯಲ್ಲಿ ಸಾಧಿಸುತ್ತಿದ್ದರು. ಮುಂಜಾನೆ ಒಲೆಯಿಂದ ಬೂದಿಯನ್ನು ತೆಗೆದು, ಇದ್ದಿಲ ಚೂರನ್ನು ಆರಿಸಿ, ಹರಳು ಉಳಿಯದಂತೆ ಹಳೆಯ ಬಟ್ಟೆಯಲ್ಲಿ ಸೋಸಿ, ತೆಂಗಿನ ನಾರಿನ ಉಂಡೆಯನ್ನು ನೀರಿಗದ್ದಿ ಬೂದಿಗೆ ಒತ್ತಿ, ಬಚ್ಚಲ ಕಲ್ಲಿನ ಮೇಲೆ ಕಟ್ಟಿದ ಪಾಚಿಯನ್ನೂ ಎಣ್ಣೆಜಿಡ್ಡನ್ನೂ ಉಜ್ಜಿ, ಕಡ್ಡಿಪೊರಕೆಯಿಂದ ಮೋರಿಯತ್ತ ಗುಡಿಸಿ, ಒಂದು ಕೊಡ ನೀರು ಸುರಿದರೆ ಕಾಲು ಜಾರದಂತೆ ಕಲ್ಲು ಒರಟಾಗಿ ಬೆಳ್ಳಗಾಗುತ್ತಿತ್ತು. ಇಂಧನವೂ ಶೋಧಕವೂ ಕುಂಚವೂ ಪೊರಕೆಯೂ ಒಂದೇ ಮರದಿಂದ ಬಂದುವೆಂಬುದನ್ನು ಗಮನಿಸಬೇಕು.

ಕ್ಷಾರಕ್ಕೆ ತೆಂಗು ಹೇಗೋ ಆಮ್ಲಕ್ಕೆ ಹುಣಸೆ ಹಾಗೆ. ತುಮಕೂರಿನ ಮಾರುಕಟ್ಟೆಗೆ ಸುಗ್ಗಿಯಲ್ಲಿ ಬರುವ ಹುಣಸೆಹಣ್ಣಿನ ವ್ಯಾಪಾರ ನಾಡಿನಲ್ಲೆಲ್ಲ ಹೆಸರಾದುದು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ತಾಮ್ರದ ಮೇಲಣ ಕಿಲುಬನ್ನು ಕರಗಿಸುವುದೂ, ಗಡಸುನೀರು ಆರಿದ ಮೇಲೆ ಉಳಿಯುವ ಬಿಳಿಯ ಸುಣ್ಣದ ಪದರವನ್ನು ಬಿಡಿಸುವುದೂ ಒಂದೇ ಗುಣದಿಂದ. ಸಾರಿಗೆ ಹಿಂಡಿ ಉಳಿದ ಹುಣಸೆಯ ನಾರನ್ನು ಎಸೆಯದೆ ಬಚ್ಚಲ ಗೂಡಿನಲ್ಲಿಟ್ಟು, ಸಂಜೆಗೆ ತಂಬಿಗೆ ಚೊಂಬುಗಳನ್ನು ಬೆಳಗಿ, ಕೊನೆಗೆ ಅದನ್ನೇ ನೆಲಕ್ಕೂ ಮೋರಿಯ ಬಾಯಿಗೂ ತಿಕ್ಕುವುದು ವಾಡಿಕೆಯಾಗಿತ್ತು. ಬಚ್ಚಲಿಗೆ ಹಾಸಿದ್ದುದು ಈ ಸೀಮೆಯ ಬಂಡೆಯಿಂದಲೇ ಸೀಳಿದ ಗಟ್ಟಿ ಚಪ್ಪಡಿಯಾದುದರಿಂದ ಹುಳಿಯಿಂದ ಅದಕ್ಕೆ ಬಾಧೆಯಿರಲಿಲ್ಲ. ಅನಂತರ ಬಂದ ಕಡಪದ ಕಲ್ಲು ಸುಣ್ಣದ ಜಾತಿಯದಾದುದರಿಂದ ಅದೇ ಹುಣಸೆಗೆ ಹೊಳಪನ್ನು ಕಳೆದುಕೊಳ್ಳುತ್ತದೆ.

ಈ ಎಲ್ಲ ಕ್ರಮವೂ ವರ್ಷಕ್ಕೊಮ್ಮೆ ಉತ್ಸವದ ಗೌರವವನ್ನು ಪಡೆಯುತ್ತಿದ್ದುದು ದೀಪಾವಳಿಯ ಆದಿಯಲ್ಲಿ ಬರುವ ನೀರು ತುಂಬುವ ಹಬ್ಬದಂದು. ಆ ದಿನ ಹಂಡೆಯನ್ನು ಒಲೆಯಿಂದಿಳಿಸಿ, ವರ್ಷವೆಲ್ಲ ಹತ್ತಿದ ಮಸಿಯನ್ನು ಬೂದಿಯಿಂದಲೂ ಒಳಗಣ ಕಿಲುಬನ್ನು ಹುಣಸೆಯಿಂದಲೂ ತೆಗೆದು, ಗೋಡೆಗೆ ಸುಣ್ಣ ಬಳಿದು, ಹಂಡೆಯ ಮೈಗೆ ಸುಣ್ಣ ಕೆಮ್ಮಣ್ಣುಗಳ ಪಟ್ಟೆಯೆಳೆದು, ಕಂಠಕ್ಕೆ ಕಾಡುಬಳ್ಳಿಯನ್ನು ಸುತ್ತಿ, ಬಾವಿಯಿಂದ ಸೇದಿ ತಂದ ಹೊಸನೀರನ್ನು ತುಂಬಿ ಪೂಜಿಸುವರು. ಮರುದಿನ ನಸುಕಿನ ಎಣ್ಣೆಸ್ನಾನಕ್ಕೆ ಇದು ಸಿದ್ಧತೆ. ದೇವರಮನೆಗೆ ಸಲ್ಲುವ ಅಲಂಕಾರ ಆ ಒಂದು ದಿನ ಬಚ್ಚಲಿಗೂ ಸಲ್ಲುತ್ತಿತ್ತೆಂಬುದರಿಂದ, ಸ್ನಾನದ ಮನೆಯನ್ನು ನಮ್ಮವರು ಎಂಥ ಆದರದಿಂದ ಕಾಣುತ್ತಿದ್ದರೆಂಬುದು ಸ್ಪಷ್ಟವಾಗುತ್ತದೆ.

ಎಣ್ಣೆಸ್ನಾನದ ಜಿಡ್ಡನ್ನು ತೆಗೆಯುವ ಸೀಗೆಯೇ ನೆಲಕ್ಕಿಳಿದ ಎಣ್ಣೆಯನ್ನೂ ತೆಗೆಯುತ್ತಿತ್ತು. ತಲೆಗೆ ಹಚ್ಚಿ ಉಳಿದ ಗಷ್ಟನ್ನು ಕಲ್ಲಿಗೆ ಎರಚಿ ಉಜ್ಜಿದರೆ ಸಾಕು. ಸೀಗೆಯಲ್ಲಿಯೂ ಅಂಟುವಾಳದಲ್ಲಿಯೂ ನೊರೆ ಬರಿಸುವ ಸ್ಯಾಪೊನಿನ್ ಎಂಬ ವಸ್ತುವಿದೆ. ಸಾಬೂನು ಗಡಸುನೀರಿನಲ್ಲಿ ಸುಣ್ಣದೊಡನೆ ಕೂಡಿ ಬಿಳಿಯ ಕಲ್ಕವಾಗಿ ನಿಷ್ಫಲವಾಗುವಂತೆ ಈ ವಸ್ತು ಆಗುವುದಿಲ್ಲ. ಕುಣಿಗಲ ದೊಡ್ಡಕೆರೆಯಂಥ ಕೆರೆಗಳಲ್ಲಿ ನಿಂತ ಮಳೆಯ ನೀರು ಮೆದುವಾದುದು; ಬಂಡೆಯ ಬಿರುಕುಗಳಲ್ಲಿ ಬಹುಕಾಲ ಹರಿದು ಬರುವ ಕೊಳವೆಬಾವಿಯ ನೀರು ಗಡಸು. ಕೆರೆಬಾವಿಗಳ ನೀರಿನಿಂದ ಕೊಳವೆಬಾವಿಯ ನೀರಿಗೆ ಈ ಜಿಲ್ಲೆ ಹೊರಳಿದಾಗ, ಪಾತ್ರೆಯ ಅಂಚಿನಲ್ಲಿಯೂ ನಲ್ಲಿಯ ಬುಡದಲ್ಲಿಯೂ ಬಿಳಿಯ ಕಲೆಗಳು ಬಲಿತದ್ದು ಗೃಹಿಣಿಯರ ಸೋಮಾರಿತನದಿಂದಲ್ಲ, ನೀರಿನ ಗುಣದಿಂದ. ಇಂದಿನ ಉಗ್ರ ಆಮ್ಲಗಳಿಗೆ ಗಿರಾಕಿಗಳು ಹೆಚ್ಚಿದುದಕ್ಕೆ ಈ ಗಡಸುತನವೂ ಒಂದು ಕಾರಣ.

ಬಟ್ಟೆಯ ಶುದ್ಧಿ ಮನೆಯ ಹೊರಗಣ ವೃತ್ತಿಯಾಗಿತ್ತು. ಬೇಸಗೆಯಲ್ಲಿ ತಗ್ಗುನೆಲಗಳ ಮೇಲೆ ಬಿಳಿಯ ಹುಡಿಯಂತೆ ಮೂಡುವ ಚೌಳು, ಅಂದರೆ ಸೋಡಾಕ್ಷಾರ ಬೆರೆತ ಮಣ್ಣು, ಮಡಿವಾಳರ ಮುಖ್ಯ ಸಾಧನ; ಅದರ ನೀರಿನಲ್ಲಿ ಬಟ್ಟೆಯನ್ನು ನೆನೆಯಿಸಿ ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ ಕೆರೆಯ ಕಲ್ಲಿಗೆ ಒಗೆಯುತ್ತಿದ್ದರು. ಶ್ರೀರಂಗಪಟ್ಟಣವು ಪತನವಾದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಗುಬ್ಬಿಯ ಸಂತೆಯನ್ನು ಕಂಡು ಅದು ದೊಡ್ಡ ವ್ಯಾಪಾರಸ್ಥಳವೆಂದು ಬರೆದನು. ಇದೇ ಪ್ರವಾಸದಲ್ಲಿ ಹೊಸದುರ್ಗದ ಕಡೆಯ ಮತ್ತೋಡಿನಲ್ಲಿ ಬಳೆಯ ಗಾಜು ಮಾಡುವುದನ್ನೂ ವರ್ಣಿಸಿದನು. ಆ ಗಾಜಿಗೂ ಬೇಕಾದುದು ಇಂಥ ಸೋಡಾಮಣ್ಣೇ. ಮಡಿವಾಳನ ಉಬ್ಬೆಗೂ ಮುತ್ತೈದೆಯ ಬಳೆಗೂ ಒಂದೇ ನೆಲ ಕ್ಷಾರವನ್ನು ಒದಗಿಸಿತು.

ಇಲ್ಲಿಯವರೆಗಿನದು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಕಥೆ. ಇನ್ನು ಪಾಯಿಖಾನೆಯ ವಿಚಾರ.

ಹಳ್ಳಿಗಳಲ್ಲಿ ಪಾಯಿಖಾನೆಯೆಂಬುದೇ ಇರಲಿಲ್ಲ. ಚೊಂಬು ಹಿಡಿದು ಬಯಲ ಕಡೆಗೆ ಹೋಗುವುದು ಗಂಡಸರಿಗೆ ಸಂಕೋಚದ ವಿಷಯವಾಗಿರಲಿಲ್ಲ. ಹೆಂಗಸರಿಗೆ ಮಾತ್ರ ಅದು ಬೆಳಕು ಹರಿಯುವ ಮುನ್ನ ಇಲ್ಲವೇ ಕತ್ತಲಾದ ಮೇಲೆ ತೀರಿಸಿಕೊಳ್ಳಬೇಕಾದ ಸಂಕಟವಾಗಿತ್ತು. ತೊಳೆಯತಕ್ಕ ಸ್ಥಳವೇ ಇಲ್ಲದಿರುವಲ್ಲಿ ತೊಳೆಯುವ ದ್ರವ್ಯದ ಪ್ರಸ್ತಾಪವೆಲ್ಲಿಯದು? ಪಟ್ಟಣಗಳ ಕಥೆ ಬೇರೆ. ಜನ ದಟ್ಟವಾಗಿ ನೆಲೆಸಿದ ಪೇಟೆಗಳಲ್ಲಿ ಹಿತ್ತಿಲ ಕೊನೆಗೆ, ಮನೆಯಿಂದ ಆದಷ್ಟು ದೂರವಾಗಿ, ಒಣಕಕ್ಕಸನ್ನು ಕಟ್ಟಿಸಿ, ಅದರ ಹಿಂಭಾಗಕ್ಕೆ ಒಂದು ಕಿರುಬಾಗಿಲನ್ನಿಟ್ಟು, ಆ ಬಾಗಿಲು ಹಿಂದಣ ಸಂದಿಗೆ ತೆರೆಯುವಂತೆ ಮಾಡುತ್ತಿದ್ದರು. ಆ ಸಂದಿಯಿಂದ ಬಂದು, ತಗಡನ್ನೂ ಪೊರಕೆಯನ್ನೂ ಹಿಡಿದು, ಮಲವನ್ನು ಬಳಿದು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತೊಯ್ಯುತ್ತಿದ್ದವರು, ಹುಟ್ಟಿನ ಕಾರಣದಿಂದಲೇ ಆ ಕೆಲಸಕ್ಕೆ ಕಟ್ಟುಬಿದ್ದ ಜನ. ಅವರು ಮುಂಬಾಗಿಲಿನಿಂದ ಬರುವಂತಿರಲಿಲ್ಲ, ಬಾವಿಯನ್ನು ಮುಟ್ಟುವಂತಿರಲಿಲ್ಲ, ಬಹುಕಡೆ ಮನೆಯವರು ಅವರ ಮುಖವನ್ನೂ ಅರಿಯರು. ಬಚ್ಚಲಿಗೆ ಸಂದ ಬೂದಿ ಅಲ್ಲಿಗೂ ಸಲ್ಲುತ್ತಿತ್ತು, ದುರ್ಗಂಧವನ್ನು ಮುಚ್ಚುವುದಕ್ಕಾಗಿ. ಆದರೆ ಬಚ್ಚಲಲ್ಲಿ ಬೂದಿಯೊಡನೆ ಗೃಹಿಣಿಯ ಕೈಯಿತ್ತು. ಕಕ್ಕಸಿನಲ್ಲಿ ಬೂದಿಯೊಡನೆ ಇದ್ದುದು ಅನ್ಯರ ಕೈ.

ಆದುದರಿಂದ ನಮ್ಮ ಹಿರಿಯರು ನಿಸರ್ಗಸಹಜವಾದ ದ್ರವ್ಯಗಳಿಂದ ಕಕ್ಕಸನ್ನು ತೊಳೆಯುತ್ತಿದ್ದರೆಂದು ಹೇಳುವುದು, ತೊಳೆದವರನ್ನು ಎರಡನೆಯ ಬಾರಿ ಹಿತ್ತಿಲ ಬಾಗಿಲಿನಿಂದ ಆಚೆಗೆ ಕಳುಹಿಸಿದಂತೆ. 1901ರ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಹೊಲಸಾದ ಪಾಯಿಖಾನೆಯನ್ನು ಕಂಡು ಪೊರಕೆಯನ್ನು ತಾವೇ ಹಿಡಿದ ಗಾಂಧೀಜಿಯವರ ವರ್ತನೆ ಸುತ್ತಲಿದ್ದವರಿಗೆ ವಿಚಿತ್ರವಾಗಿ ತೋರಿದ್ದು, ಅದು ಅನ್ಯರ ಕೈಯ ಕೆಲಸವೆಂಬ ಭಾವನೆಯಿಂದಲೇ. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕ್ರಮವನ್ನು ಕೈಗೊಂಡವರು, 1970ರ ದಶಕದ ಆದಿಭಾಗದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು. ಸಂಸತ್ತಿನ ನಿಷೇಧದ ಶಾಸನ 1993ರಲ್ಲಿಯೂ, ಅದಕ್ಕಿಂತ ಕಟ್ಟುನಿಟ್ಟಾದ ಮತ್ತೊಂದು 2013ರಲ್ಲಿಯೂ ಬಂದುವು. ಒಂದು ಶಾಸನ ಸಾಲದೆ ಇಪ್ಪತ್ತು ವರ್ಷಗಳ ಮೇಲೆ ಇನ್ನೊಂದು ಬೇಕಾಯಿತೆಂಬುದು, ಕಕ್ಕಸು ಮಾಯವಾದಷ್ಟು ಬೇಗ ಅದರ ಹಿಂದಣ ಮನೋಭಾವ ಮಾಯವಾಗಲಿಲ್ಲವೆಂಬುದಕ್ಕೆ ಸಾಕ್ಷಿ.

ಶಾಸನಕ್ಕಿಂತ ಮೌನವಾಗಿ, ಆದರೆ ಅದರಷ್ಟೇ ದೃಢವಾಗಿ, ಈ ವ್ಯವಸ್ಥೆಯನ್ನು ಸಡಿಲಿಸಿದುದು ಒಂದು ಬಾಗಿದ ಕೊಳವೆ. 1775ರಲ್ಲಿ ಲಂಡನ್ನಿನಲ್ಲಿ ಗಡಿಯಾರ ತಯಾರಿಸುತ್ತಿದ್ದ ಅಲೆಗ್ಸಾಂಡರ್ ಕಮಿಂಗ್ ಎಂಬವನು, ಪಾಯಿಖಾನೆಯ ಕೊಳವೆಯನ್ನು ಬಾಗಿಸಿ ಅದರಲ್ಲಿ ಸದಾ ಸ್ವಲ್ಪ ನೀರು ನಿಲ್ಲುವಂತೆ ಮಾಡಿ, ದುರ್ವಾಯು ಮೇಲೇರದಂತೆ ತಡೆಯುವ ಉಪಾಯಕ್ಕೆ ಪೇಟೆಂಟು ಪಡೆದನು. ನೀರೇ ಮುಚ್ಚಳವಾದ ಮೇಲೆ ಪಾಯಿಖಾನೆಯು ಹಿತ್ತಿಲ ಕೊನೆಯಿಂದ ಮನೆಯೊಳಕ್ಕೆ ಬರಲು ಅಡ್ಡಿಯುಳಿಯಲಿಲ್ಲ. ನಮ್ಮ ಊರುಗಳಿಗೆ ಅದು ಬರಲು ಬಹುಕಾಲ ಹಿಡಿಯಿತು. ಬಂದಾಗ ಪಿಂಗಾಣಿಯ ಪ್ಯಾನು, ಅನಂತರ ಕಮೋಡು, ಸೆಪ್ಟಿಕ್ ಟ್ಯಾಂಕು, ಒಳಚರಂಡಿ ಎಲ್ಲವೂ ಒಂದರ ಹಿಂದೊಂದು ಬಂದುವು. ಹಿಂಬಾಗಿಲನ್ನು ಇಟ್ಟಿಗೆಯಿಟ್ಟು ಮುಚ್ಚಿದರು. ಅಂದಿನಿಂದ ಮನೆಯವರೇ ಅದನ್ನು ತೊಳೆಯಬೇಕಾಯಿತು. ಮನೆಯಲ್ಲಿ ಮಾಡಿದ ಪಾಯಿಖಾನೆಯ ಶೋಧಕದ ಚರಿತ್ರೆ ನ್ಯಾಯವಾಗಿ ಆರಂಭವಾಗುವುದು ಇಲ್ಲಿಂದ.

ಆದರೆ ಹಳೆಯ ಸಾಮಗ್ರಿ ಈ ಹೊಸ ಪಾತ್ರೆಗೆ ಹೊಂದಲಿಲ್ಲ. ಬೂದಿಯನ್ನು ಸುರಿದರೆ ಬಾಗಿದ ಕೊಳವೆಯಲ್ಲಿ ಕೆಸರಾಗಿ ಕೂಡುತ್ತದೆ; ತೆಂಗಿನ ನಾರು ಜಾರಿದರೆ ಕಟ್ಟಿಕೊಳ್ಳುತ್ತದೆ. ಈ ತೆರವಿಗೆ ಫಿನಾಯಿಲೂ ಬ್ಲೀಚಿಂಗ್ ಪೌಡರೂ ಕೊನೆಗೆ ಆಸಿಡ್ಡೂ ಬಂದುವು. 1918ರ ಹೊತ್ತಿಗೆ ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯಿಂದ ಗಂಧದ ಸಾಬೂನು ಹೊರಟು ಮೈಗೆ ಸೀಗೆಯ ಬದಲು ಸಾಬೂನು ಮಾನ್ಯವಾದಂತೆ, ನೆಲಕ್ಕೂ ಅಂಗಡಿಯ ಸರಕು ಮಾನ್ಯವಾಯಿತು. ಬಾಟಲಿಯಲ್ಲಿ ಅಗ್ಗವಾಗಿ ದೊರೆಯುತ್ತಿದ್ದ ಆಸಿಡ್ಡು ಕಲೆಯನ್ನು ಕ್ಷಣದಲ್ಲಿ ಕಳೆಯಿತು, ಜೊತೆಗೆ ಕೈಯನ್ನೂ ಶ್ವಾಸಕೋಶವನ್ನೂ ಸಿಮೆಂಟಿನ ಸಂದುಗಳನ್ನೂ ಸುಟ್ಟಿತು. ದುರುಳರ ಕೈಯಲ್ಲಿ ಹೆಂಗಸರ ಮುಖದ ಮೇಲೆ ಬಿದ್ದು ಬದುಕುಗಳನ್ನೇ ಸುಟ್ಟಿತು. ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಅದರ ಚಿಲ್ಲರೆ ಮಾರಾಟಕ್ಕೆ ನಿರ್ಬಂಧ ಹಾಕಬೇಕಾಯಿತು.

ಈಗ ಪ್ರಚಾರಕ್ಕೆ ಬಂದಿರುವ ಮನೆಯ ಶೋಧಕಗಳಲ್ಲಿ ಪ್ರಸಿದ್ಧವಾದುದು ಹಣ್ಣಿನ ಸಿಪ್ಪೆಯ ಬಯೋ ಎಂಜೈಮ್. ಬೆಲ್ಲ ಒಂದು ಪಾಲು, ನಿಂಬೆ ಕಿತ್ತಳೆ ಮೋಸಂಬಿಗಳ ಸಿಪ್ಪೆ ಮೂರು ಪಾಲು, ನೀರು ಹತ್ತು ಪಾಲು ತೂಕಕ್ಕೆ ತೆಗೆದುಕೊಂಡು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ತಿಂಗಳು ಹುಳಿಯಲು ಬಿಡುವುದು. ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಿ ಅನಿಲವನ್ನು ಬಿಡದಿದ್ದರೆ ಡಬ್ಬಿ ಉಬ್ಬಿ ಒಡೆಯುವುದುಂಟು. ಇದನ್ನು ಪ್ರಚಾರಕ್ಕೆ ತಂದವರು ಥಾಯ್ಲೆಂಡಿನ ರೋಸುಕೋನ್ ಪೂಂಪನ್ವೋಂಗ್ ಎಂಬ ಮಹಿಳೆ. ನಮ್ಮ ಬೆಲ್ಲವನ್ನೂ ನಮ್ಮ ನಿಂಬೆಯನ್ನೂ ಬೇಡುವುದರಿಂದ ಅದು ಅಜ್ಜಿಯ ಕಾಲದ್ದೆಂಬ ಭ್ರಮೆ ಹುಟ್ಟುತ್ತದೆ. ಅದರಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಹುಳಿಯುವಿಕೆಯಿಂದ ಹುಟ್ಟಿದ ಮೃದುವಾದ ಆಮ್ಲ. ಆದುದರಿಂದ ಆಸಿಡ್ಡಿನ ವೇಗವನ್ನು ಅದರಿಂದ ನಿರೀಕ್ಷಿಸಲಾಗದು. ರಾತ್ರಿ ಪ್ಯಾನಿನ ಒಳಗೋಡೆಗೆ ಸವರಿ, ಬೆಳಗ್ಗೆ ಕುಂಚದಿಂದ ಉಜ್ಜಿ ನೀರು ಹಾಕಿದರೆ ಗಡಸುನೀರಿನ ಹಳದಿ ಪದರವು ಕ್ರಮವಾಗಿ ಕರಗುತ್ತದೆ. ಗಟ್ಟಿಯಾಗಿ ಕಿವುಚಿ ಸೋಸಿದ ಹುಣಸೆನೀರೂ ಇದೇ ಕೆಲಸವನ್ನು ಮಾಡಬಲ್ಲುದು. ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಬ್ಲೀಚಿಂಗ್ ಪೌಡರಿನಷ್ಟು ಹಾನಿ ಇವುಗಳಿಂದಾಗದೆಂಬುದು ಮತ್ತೊಂದು ಅನುಕೂಲ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ವಿನಿಗರಿಗೆ ಅಡುಗೆಸೋಡಾ ಬೆರೆಸಿದರೆ ಬುರುಗು ಉಕ್ಕುವುದು ಕಣ್ಣಿಗೆ ಆಹ್ಲಾದಕರವಾದರೂ, ಆಮ್ಲವೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಬಹುಪಾಲು ಉಪ್ಪುನೀರು. ಹಿಂದಿನವರು ಬೂದಿಯನ್ನು ಜಿಡ್ಡಿಗೂ ಹುಣಸೆಯನ್ನು ಕಿಲುಬಿಗೂ ಮೀಸಲಿಟ್ಟು ಬೇರೆಬೇರೆಯಾಗಿ ಬಳಸಿದುದು ಯುಕ್ತವಾಗಿಯೇ ಇತ್ತು. ಬ್ಲೀಚಿಂಗ್ ಪೌಡರಿನ ಮೇಲೆ ಯಾವ ಹುಳಿಯನ್ನೂ ಹಾಕಬಾರದು. ಅದರಿಂದ ಹುಟ್ಟುವ ಕ್ಲೋರಿನ್ ವಿಷವಾಯು. ಮನೆಯಲ್ಲಿ ಮಾಡಿದುದೆಂಬ ಮಾತ್ರಕ್ಕೆ ಯಾವುದೂ ನಿರಪಾಯವಾಗದು.

ಒಟ್ಟಿನಲ್ಲಿ ಈ ಸೀಮೆಯ ಗೃಹಸ್ಥನಿಗೆ ಪರಂಪರೆಯಿಂದ ದೊರೆತಿರುವುದು ದ್ರವ್ಯಗಳ ಜ್ಞಾನ. ದೊರೆಯದೆ ಇರುವುದು ಅವನ್ನು ಪಾಯಿಖಾನೆಯಲ್ಲಿ ತನ್ನ ಕೈಯಿಂದ ಬಳಸುವ ಅಭ್ಯಾಸ. ಮೊದಲನೆಯದನ್ನು ಕೃತಜ್ಞತೆಯಿಂದ ಸ್ವೀಕರಿಸಿ, ಎರಡನೆಯದನ್ನು ಹೊಸದಾಗಿ ಕಲಿಯಬೇಕು. ಮನೆಯ ಹೆಂಗಸರಿಗೆ ಅಥವಾ ಕೆಲಸದಾಕೆಗೆ ಆ ಕುಂಚವನ್ನು ದಾಟಿಸಿಬಿಟ್ಟರೆ, ಡಬ್ಬಿಯಲ್ಲಿ ಆಸಿಡ್ಡಿದ್ದರೇನು, ನಿಂಬೆಯ ಸಿಪ್ಪೆಯಿದ್ದರೇನು, ಹಳೆಯ ಏರ್ಪಾಡೇ ಹೊಸ ಹೆಸರಿನಿಂದ ಮುಂದುವರಿದಂತಾಗುತ್ತದೆ. ತನ್ನ ಮನೆಯ ಪಾಯಿಖಾನೆಯನ್ನು ತಾನೇ ತೊಳೆಯುವವನು ಹಿರಿಯರ ಮಾರ್ಗದಲ್ಲಿ ನಡೆಯುತ್ತಿಲ್ಲ. ಅವರು ನಡೆಯಬೇಕಾಗಿದ್ದೂ ನಡೆಯದೆ ಹೋದ ಮಾರ್ಗದಲ್ಲಿ ನಡೆಯುತ್ತಿದ್ದಾನೆ.