ನಾಲ್ಕು ಸೆಂಟಿಮೀಟರ್ ಕಥೆ

ಎಸೆದ ಕಲ್ಲಿನ ದಾರಿ ಪ್ಯಾರಾಬೋಲಾ ಅಂತ ಕ್ಲಾಸಲ್ಲಿ ಓದಿದ್ದೀವಿ. ಜಾವೆಲಿನ್ ಹಾಗಲ್ಲ, ಗಾಳಿ ಅದನ್ನ ಕೆಳಗಿನಿಂದ ಎತ್ತಿ ಹಿಡಿಯುತ್ತೆ.

1984ರ ಜುಲೈ 20, ಪೂರ್ವ ಬರ್ಲಿನ್. ಉವೆ ಹೋನ್ ಎಸೆದಿದ್ದು 104.80 ಮೀಟರ್! 100 ದಾಟಿದವರು ಇವತ್ತಿಗೂ ಅವರೊಬ್ಬರೇ. ಆದ್ರೆ ಆ ವರ್ಷ ಪೂರ್ವ ಜರ್ಮನಿ ಒಲಿಂಪಿಕ್ಸನ್ನೇ ಬಹಿಷ್ಕರಿಸಿತ್ತು. ಪದಕ ಕೈತಪ್ಪಿತು.

ಜಾವೆಲಿನ್ ಅಡ್ಡಡ್ಡ ಬಿದ್ದು ತೀರ್ಪು ಕಷ್ಟವಾಗ್ತಿತ್ತು, ಮೈದಾನವೂ ಸಾಲದಾಗಿತ್ತು. 1986ರಲ್ಲಿ ಪುರುಷರ ಜಾವೆಲಿನ್‌ನ ಗುರುತ್ವ ಕೇಂದ್ರವನ್ನು 4 ಸೆಂ.ಮೀ. ಮುಂದಕ್ಕೆ ಸರಿಸಿದರು. ಗಾಳಿ ಈಗ ಬಾಲವನ್ನು ಎತ್ತುತ್ತೆ, ಮೂತಿ ಬೇಗ ಕೆಳಗಿಳಿಯುತ್ತೆ, ದೂರ ಕಡಿಮೆ. ದಾಖಲೆಗಳು ಹೊಸದಾಗಿ ಶುರುವಾದವು.

2018ರ ಏಷ್ಯನ್ ಗೇಮ್ಸಲ್ಲಿ ನಮ್ಮ ನೀರಜ್ ಚೋಪ್ರಾ 88.06 ಮೀಟರ್ ಎಸೆದು ಚಿನ್ನ ಗೆದ್ದಾಗ ಕೋಚ್ ಯಾರು ಗೊತ್ತಾ? ಅದೇ ಹೋನ್! ಇಬ್ಬರ ದೂರ ಹೋಲಿಸೋ ಮುಂಚೆ ಆ 4 ಸೆಂ.ಮೀ. ನೆನಪಿರಲಿ.